ಕೂದಲೆಳೆಯಷ್ಟು ಕಪ್ಪು

ನಮ್ಮ ಮನೆಯ ಬೀರುವಿನ ಮೇಲೆ, ಹಳೆಯ ಪಂಚಾಂಗಗಳ ಪಕ್ಕದಲ್ಲಿ, ಉದ್ದನೆಯ ಕಂದು ಲಕೋಟೆಯೊಂದಿದೆ. ಅದರೊಳಗೆ ಮೂರು ತಲೆಮಾರಿನ ದವಡೆಗಳಿವೆ: ಅಮ್ಮನದು, ನನ್ನದು, ತಂಗಿಯ ಮಗಳದು. ಡಾಕ್ಟರು ನೋಡಿ ಮುಗಿಸಿದ ಎಕ್ಸ್-ರೇ ಫಿಲ್ಮನ್ನು ಆಮೇಲೆ ಏನು ಮಾಡಬೇಕೋ ಯಾರಿಗೂ ತಿಳಿಯುವುದಿಲ್ಲ. ಎಸೆಯಲು ಮನಸ್ಸು ಬಾರದು, ಗೋಡೆಗೆ ಹಾಕುವಂಥದ್ದೂ ಅಲ್ಲ. ಗ್ರಹಣದ ದಿನ ಸೂರ್ಯನನ್ನು ನೋಡಲು ಬರುತ್ತದೆಂದು ಎತ್ತಿಡುವವರುಂಟು. ಅದು ಕಣ್ಣಿಗೆ ಅಪಾಯ, ಬೇಡವೇ ಬೇಡ. ನಾನು ಇಟ್ಟುಕೊಂಡಿರುವುದು ಸುಮ್ಮನೆ ನೋಡುವುದಕ್ಕೆ. ರಜೆಯ ದಿನ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಒಂದೊಂದಾಗಿ ತೆಗೆದು ಪೂರ್ವದ ಕಿಟಕಿಗೆ ಹಿಡಿಯುತ್ತೇನೆ. ಮನೆಯವರಿಗೆ ಇದೊಂದು ಹುಚ್ಚು. ಮದುವೆಯ ಆಲ್ಬಮ್ ನೋಡಿದರೆ ಯಾರೂ ಹುಚ್ಚು ಅನ್ನುವುದಿಲ್ಲವಲ್ಲ ಎಂದು ನನ್ನ ವಾದ. ಅದರಲ್ಲಿ ಹಲ್ಲು ಕಾಣುವುದು ನಕ್ಕರೆ ಮಾತ್ರ, ಅದೂ ಮುಂದಿನ ಆರೆಂಟು. ಇಲ್ಲಿ ಬೇರುಸಮೇತ ಎಲ್ಲವೂ ಹಾಜರು.

ಈ ಚಿತ್ರವನ್ನು ನೋಡುವುದಕ್ಕೂ ಒಂದು ಅಭ್ಯಾಸ ಬೇಕು. ತೊಗಲುಗೊಂಬೆಯ ಪರದೆಯ ಮುಂದೆ ಕೂತವರಿಗೆ ಅರ್ಧ ಪಾಠ ಆಗಲೇ ಬಂದಿರುತ್ತದೆ. ತೊಗಲು ತೆಳುವಾದಲ್ಲಿ ಬೆಳಕು ಹಾಯುತ್ತದೆ, ದಪ್ಪವಾದಲ್ಲಿ ತಡೆಯುತ್ತದೆ. ಆ ಹಾಯುವ ತಡೆಯುವ ಆಟವೇ ಚಿತ್ರ. ಎಕ್ಸ್-ರೇಯೂ ಅದೇ ಆಟ, ಆದರೆ ಲೆಕ್ಕ ತಿರುಗುಮುರುಗು. ಕಿರಣ ತಾಗಿದಲ್ಲಿ ಫಿಲ್ಮು ಕಪ್ಪಾಗುತ್ತದೆ, ತಾಗದಲ್ಲಿ ಬೆಳ್ಳಗೆ ಉಳಿಯುತ್ತದೆ. ಹಾಗಾಗಿ ಇಲ್ಲಿ ನೆರಳಿನ ಬಣ್ಣ ಬಿಳುಪು. ಬಾಯೊಳಗಿನ ಗಾಳಿ ಕಡುಗಪ್ಪು, ಕೆನ್ನೆಯ ಮಾಂಸ ಮಬ್ಬು, ಎಲುಬು ಬೂದಿ, ಹಲ್ಲಿನ ನೆತ್ತಿ ಹಾಲುಬಿಳುಪು. ಬೆಳ್ಳಿ ತುಂಬಿಸಿದ ಹಲ್ಲೋ ಚಿನ್ನದ ಮೂಗುತಿಯೋ ಇದ್ದರೆ ಸುಣ್ಣದ ಬೊಟ್ಟಿಟ್ಟಂತೆ ಅಚ್ಚಬಿಳಿ. ಕಪ್ಪಿನಿಂದ ಬಿಳುಪಿಗೆ ಹೋಗುವ ಈ ಏಣಿಯನ್ನು ಒಮ್ಮೆ ಹತ್ತಿ ಇಳಿದರೆ ಸಾಕು, ಉಳಿದದ್ದನ್ನು ಕಣ್ಣೇ ಕಲಿತುಕೊಳ್ಳುತ್ತದೆ.

ಮೊದಲು ನನ್ನದೇ ಒಂದು ಪುಟ್ಟ ಫಿಲ್ಮು. ಉದ್ದ ನಾಲ್ಕು ಸೆಂಟಿಮೀಟರು, ಅಗಲ ಮೂರು. ಅಂಚೆಚೀಟಿಗಿಂತ ತುಸು ದೊಡ್ಡದು. ಕೆಳದವಡೆಯ ಹಲ್ಲೊಂದು ರಾತ್ರಿಯಿಡೀ ನಿದ್ದೆ ಕೆಡಿಸಿದಾಗ ತೆಗೆಸಿದ್ದು. ಅದರ ಮೂಲೆ ನಾಲಿಗೆಯ ಕೆಳಗೆ ಚುಚ್ಚಿದ್ದು, 'ಕಚ್ಚಿಕೊಳ್ಳಿ, ಅಲುಗಾಡಬೇಡಿ' ಎಂದು ಡಾಕ್ಟರು ಬಾಗಿಲಾಚೆ ಹೋದದ್ದು, ಒಂದು ಸಣ್ಣ 'ಬೀಪ್'. ಅರ್ಧ ಸೆಕೆಂಡೂ ಹಿಡಿಯಲಿಲ್ಲ.

ಆ ಅರ್ಧ ಸೆಕೆಂಡಿನ ಬೆಲೆ ತಿಳಿಯಬೇಕಾದರೆ ಒಟ್ಟೊ ವಾಲ್‌ಖೋಫ್ ಎಂಬ ಜರ್ಮನ್ ದಂತವೈದ್ಯನನ್ನು ನೆನೆಯಬೇಕು. ವಿಲ್‌ಹೆಲ್ಮ್ ರಾಂಟ್‌ಗೆನ್ ವ್ಯೂರ್ಟ್ಸ್‌ಬುರ್ಗ್‌ನ ತನ್ನ ಪ್ರಯೋಗಶಾಲೆಯಲ್ಲಿ ಹೊಸ ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. ಡಿಸೆಂಬರ್ 22ರಂದು ಹೆಂಡತಿಯ ಕೈಯ ಚಿತ್ರ ತೆಗೆದ. ಉಂಗುರ ತೊಟ್ಟ ಎಲುಬಿನ ಬೆರಳು ಲೋಕವನ್ನೇ ಬೆಚ್ಚಿಬೀಳಿಸಿತು. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗ್ ಊರಿನ ವಾಲ್‌ಖೋಫ್ ಗಾಜಿನ ಫೋಟೋ ತಟ್ಟೆಯೊಂದನ್ನು ಕಪ್ಪು ಕಾಗದದಲ್ಲಿ, ರಬ್ಬರಿನಲ್ಲಿ ಸುತ್ತಿ ತನ್ನ ಬಾಯಿಗೇ ಇಟ್ಟುಕೊಂಡ. ಅವನು ಅಲುಗದೆ ಇರಬೇಕಾದದ್ದು 25 ನಿಮಿಷ. ಬಾಯಲ್ಲಿ ಗಾಜು, ಎಂಜಲು ನುಂಗುವಂತಿಲ್ಲ, ಮಿಸುಕುವಂತಿಲ್ಲ. ಹಲ್ಲಿನ ಮೊದಲ ಎಕ್ಸ್-ರೇ ಎಂದು ಹೆಸರಾದ ಚಿತ್ರ ಹುಟ್ಟಿದ್ದು ಹೀಗೆ, ಒಬ್ಬ ಡಾಕ್ಟರು ತಾನೇ ರೋಗಿಯ ಕುರ್ಚಿಯಲ್ಲಿ ಕೂತು. ಈಗಿನ ಬೀಪಿಗೆ ಮುಖ ಸಿಂಡರಿಸುವಾಗೆಲ್ಲ ನನಗೆ ಆ ಗಾಜಿನ ತಟ್ಟೆ ನೆನಪಾಗುತ್ತದೆ.

ಸರಿ, ಫಿಲ್ಮಿಗೆ ಬರೋಣ. ಕಿಟಕಿಯ ಬೆಳಕಿಗೆ ಹಿಡಿದರೆ ನಡುವೆ ಒಂದು ದವಡೆಹಲ್ಲು, ಎರಡು ಬೇರು ಕೆಳಗೆ ಬಿಟ್ಟು ಪಂಚೆ ಉಟ್ಟ ಮನುಷ್ಯನ ಹಾಗೆ ನಿಂತಿದೆ. ನೆತ್ತಿಯ ಮೇಲೆ ಎನಾಮಲ್ಲಿನ ಬಿಳಿ ಟೋಪಿ. ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ತೂಕದ ಲೆಕ್ಕದಲ್ಲಿ ನೂರಕ್ಕೆ 96ರಷ್ಟು ಖನಿಜ. ಅದರಡಿ ಡೆಂಟಿನ್, ಒಂದು ಮೆಟ್ಟಿಲು ಮಸುಕು. ಅದರ ನಡುವೆ ತಿರುಳಿನ ಕೋಣೆ, ಎರಡು ಪುಟ್ಟ ಕೊಂಬು ಮೇಲಕ್ಕೆತ್ತಿ ಬೇರುಗಳೊಳಗೆ ಸಣ್ಣ ಕಾಲುವೆಯಾಗಿ ಇಳಿದ ಕಪ್ಪು. ಪಕ್ಕದ ಹಲ್ಲು ತಾಗುವಲ್ಲಿ, ತಾಗಿದ ಬಿಂದುವಿಗಿಂತ ಒಂದಿಷ್ಟು ಕೆಳಗೆ, ಎನಾಮಲ್ಲಿನ ಬಿಳುಪನ್ನು ಯಾರೋ ಉಗುರಿನಿಂದ ಕೆರೆದಂತೆ ಮಬ್ಬು ತ್ರಿಕೋನ. ಅದೇ ಹುಳುಕು. ನಮ್ಮ ಕಡೆ ಹುಳ ತಿಂದ ಹಲ್ಲು ಅನ್ನುತ್ತೇವೆ. ಚಿತ್ರದಲ್ಲಿ ಹುಳವಿಲ್ಲ, ತಿಂದ ಗುರುತು ಮಾತ್ರ ಇದೆ. ಅದೂ ಪೂರ್ತಿ ಗುರುತಲ್ಲ. ಖನಿಜದ ಮೂರರಲ್ಲೊಂದು ಪಾಲಾದರೂ ಕರಗಿ ಹೋಗುವ ತನಕ ನೆರಳಿನಲ್ಲಿ ಏನೂ ಕಾಣದು. ಕಂಡದ್ದಕ್ಕಿಂತ ಆದದ್ದು ಯಾವಾಗಲೂ ಒಂದು ಹೆಜ್ಜೆ ಮುಂದೆ.

ಹಲ್ಲಿನ ಸುತ್ತಲಿನ ಎಲುಬು ನೋಡಿ. ಬರೀ ಬಿಳಿ ಗೋಡೆಯಲ್ಲ, ನೇಯ್ಗೆ. ಮೇಲ್ದವಡೆಯದಾದರೆ ಕಪ್ಪು ಬಟ್ಟೆಯ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ ನವಿರು. ಕೆಳದವಡೆಯದು ಅಡ್ಡಡ್ಡ ಎಳೆ, ನಡುವೆ ದೊಡ್ಡ ಕಿಂಡಿ. ಊರಿನ ಈಚಲು ಚಾಪೆಯ ಜಾತಿ. ಎರಡು ತುಂಡು ಫಿಲ್ಮು ಕಲಸಿಹೋದರೂ ನೇಯ್ಗೆ ನೋಡಿಯೇ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಬಲ್ಲವರು ಹೇಳಬಹುದು.

ಇಷ್ಟು ನೋಡಿದ ಮೇಲೆ ಕಣ್ಣು ಇನ್ನೂ ಹತ್ತಿರ ಹೋಗಬೇಕು. ಬೇರು ಮುಗಿದು ಎಲುಬು ಶುರುವಾಗುವ ಗಡಿಗೆ. ಅಲ್ಲಿ ಒಂದು ಬಿಳಿ ಗೆರೆಯಿದೆ. ಹಲ್ಲು ಕೂತ ಗುಳಿಯ ಗೋಡೆಗೆ ಗಾರೆ ಬಳಿದಂತೆ. ಆ ಬಿಳಿ ಗೆರೆಗೂ ಬೇರಿಗೂ ನಡುವೆ, ಬೇರಿನ ಸುತ್ತ ಎಲ್ಲಿಯೂ ಕಡಿಯದೆ ಹರಿದ ಒಂದು ಕಪ್ಪು ಎಳೆ. ಅಗಲ ಒಂದು ಮಿಲಿಮೀಟರಿನ ಐದರಲ್ಲೊಂದು ಪಾಲು. ಮೊದಲ ಸಲ ನೋಡಿದಾಗ ಪೆನ್ಸಿಲಿನಿಂದ ಯಾರೋ ಬೇರಿನ ಅಂಚು ತಿದ್ದಿದ್ದಾರೆ ಅಂದುಕೊಂಡಿದ್ದೆ. ನನ್ನ ಪ್ರಕಾರ ಇಡೀ ಚಿತ್ರದ ಸೊಗಸು ಇರುವುದು ಈ ಎಳೆಯಲ್ಲಿ.

ಏಕೆಂದರೆ ಹಲ್ಲು ಎಲುಬಿನಲ್ಲಿ ನೆಟ್ಟ ಗೂಟವಲ್ಲ ಎಂದು ಅದು ಹೇಳುತ್ತದೆ. ಹಲ್ಲು ಎಲುಬನ್ನು ಮುಟ್ಟುವುದೇ ಇಲ್ಲ. ಆ ಕಪ್ಪು ಸಂದಿನಲ್ಲಿ ಲೆಕ್ಕವಿಲ್ಲದಷ್ಟು ನಾರುಗಳಿವೆ, ಬೇರಿನಿಂದ ಗೋಡೆಗೆ ಓರೆಯಾಗಿ ಬಿಗಿದವು. ನಾರು ಮೆದು, ಕಿರಣ ತಡೆಯದು, ಅದಕ್ಕೇ ಕಪ್ಪು. ನಾಲ್ಕು ಕಡೆ ಹಗ್ಗ ಕಟ್ಟಿ ತೂಗಿಬಿಟ್ಟ ತೊಟ್ಟಿಲ ಹಾಗೆ ಪ್ರತಿ ಹಲ್ಲೂ ತನ್ನ ಗುಳಿಯಲ್ಲಿ ತೂಗುತ್ತಿದೆ. ಚಕ್ಕುಲಿ ಕಚ್ಚಿದ ಪೆಟ್ಟು ಎಲುಬಿಗೆ ನೇರವಾಗಿ ಬಡಿಯದೆ ನಾರಿನ ಮೇಲೆ ಹಂಚಿಹೋಗುತ್ತದೆ. ಕಚ್ಚಿದ್ದು ಮೆತ್ತಗೋ ಗಟ್ಟಿಯೋ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳೂ ಅಲ್ಲೇ ಇವೆ. ಹಲ್ಲಿಗೆ ಕ್ಲಿಪ್ಪು ಹಾಕಿದಾಗ ಹಲ್ಲು ಜರುಗುವುದೂ ಈ ಸಂದಿನ ಕೃಪೆಯಿಂದಲೇ: ಒತ್ತಿದ ಕಡೆ ಎಲುಬು ಕರಗುತ್ತದೆ, ಜಗ್ಗಿದ ಕಡೆ ಹೊಸದಾಗಿ ಬೆಳೆಯುತ್ತದೆ, ಎಳೆ ಮಾತ್ರ ತನ್ನ ಅಗಲ ಉಳಿಸಿಕೊಂಡು ಜೊತೆಗೆ ನಡೆಯುತ್ತದೆ.

ಆ ರಾತ್ರಿ ನೋವಿನ ಜೊತೆ ನನಗೆ ಇನ್ನೊಂದು ವಿಚಿತ್ರ ಅನಿಸಿತ್ತು, ಆ ಹಲ್ಲು ಉಳಿದವಕ್ಕಿಂತ ಉದ್ದವಾಗಿದೆ ಅಂತ. ಬಾಯಿ ಮುಚ್ಚಿದರೆ ಮೊದಲು ಅದೇ ತಾಗುತ್ತಿತ್ತು. ಫಿಲ್ಮಿನಲ್ಲಿ ಉತ್ತರವಿತ್ತು. ಒಂದು ಬೇರಿನ ತುದಿಯಲ್ಲಿ ಎಳೆ ಎಳೆಯಾಗಿ ಉಳಿಯದೆ ಹಿಗ್ಗಿತ್ತು. ಬಿಳಿ ಗೆರೆ ಅಲ್ಲಿ ಅಳಿಸಿತ್ತು. ಒಳಗೆ ಊತ ಬಂದು ಹಲ್ಲನ್ನು ತೊಟ್ಟಿಲಿನಿಂದ ಒಂದಿಷ್ಟೇ ಮೇಲಕ್ಕೆತ್ತಿತ್ತು. ನೋವಿಗೊಂದು ವಿಳಾಸ ಸಿಕ್ಕಿತು.

ಅದೇ ಫಿಲ್ಮಿನ ಅಂಚಿನಲ್ಲಿ, ಮುಂದಿನ ಹಲ್ಲಿನ ಬೇರಿನ ತುದಿಗೆ ಇನ್ನೊಂದು ದುಂಡು ಕಪ್ಪು ಚುಕ್ಕೆ. ಅಲ್ಲಿಗೂ ಕೀವು ಹೋಯಿತೇ ಎಂದು ಗಾಬರಿಯಾಗಿ ಕೇಳಿದೆ. ಡಾಕ್ಟರು ನಕ್ಕು ಭೂತಗನ್ನಡಿ ಕೊಟ್ಟರು. 'ಎಳೆ ನೋಡಿ' ಅಂದರು. ನೋಡಿದೆ. ಚುಕ್ಕೆಯ ಮೇಲೆಯೇ ಬೇರಿನ ಸುತ್ತಲಿನ ಎಳೆ ಒಂದಿಷ್ಟೂ ಕೆಡದೆ ಹರಿದಿತ್ತು. ಅದು ರೋಗವಲ್ಲ, ಕೆಳತುಟಿಗೆ ಹೋಗುವ ನರ ಎಲುಬಿನಿಂದ ಹೊರಬರುವ ಕಿಂಡಿ, ಎಲ್ಲರಿಗೂ ಇರುವುದು. ಚಿತ್ರ ಚಪ್ಪಟೆಯಾದ್ದರಿಂದ ಕಿಂಡಿಯ ನೆರಳು ಬೇರಿನ ನೆರಳಿನ ಮೇಲೆ ಬಂದು ಕೂತಿತ್ತು, ಅಷ್ಟೆ. ನೆರಳು ಸುಳ್ಳನ್ನೂ ಹೇಳುತ್ತದೆ. ಆ ಸುಳ್ಳನ್ನು ಹಿಡಿದುಕೊಡುವುದೂ ಅದೇ ನೆರಳಿನ ಇನ್ನೊಂದು ಎಳೆ.

ಇನ್ನು ಉದ್ದನೆಯ ಫಿಲ್ಮುಗಳು. ಎಲ್ಲರ ಬಾಯಲ್ಲೂ ಒಪಿಜಿ ಎಂದೇ ಓಡಾಡುವ ಇದು ಕಿವಿಯಿಂದ ಕಿವಿಯವರೆಗಿನ ಎರಡೂ ದವಡೆಗಳ ಒಂದೇ ಪಟ. ದುಂಡಗಿರುವ ದವಡೆ ಇಲ್ಲಿ ಉದ್ದಕ್ಕೆ ಬಿಡಿಸಿಕೊಂಡಿದೆ. ಬೇಲೂರಿನ ಗುಡಿಯ ಬುಡದ ಆನೆಸಾಲನ್ನು ಸುತ್ತು ಬಂದು ನೋಡಿ ಕಾಗದದ ಮೇಲೆ ಒಂದೇ ಸಾಲಿನಲ್ಲಿ ಬರೆದಿಟ್ಟಂತೆ. ಇದನ್ನು ಸಾಧ್ಯ ಮಾಡಿದವರಲ್ಲಿ ದೊಡ್ಡ ಹೆಸರು ಫಿನ್‌ಲೆಂಡಿನ ಯೂರ್ಯೊ ಪಾಟೆರೊ ಅವರದು. ಹೆಲ್ಸಿಂಕಿಯಲ್ಲಿ 1940ರ ದಶಕದ ಕೊನೆಯಿಂದ ಹಿಡಿದ ಹಟ 1960ರ ದಶಕದ ಹೊತ್ತಿಗೆ ಯಂತ್ರವಾಗಿ ಆಸ್ಪತ್ರೆಗಳಿಗೆ ಬಂತು.

ಆ ಯಂತ್ರದ ಮುಂದೆ ನಿಲ್ಲುವುದೇ ಒಂದು ಅನುಭವ. 'ಗದ್ದ ಇಲ್ಲಿಡಿ, ಕಡ್ಡಿ ಕಚ್ಚಿ, ಹಿಡಿ ಹಿಡ್ಕೊಳ್ಳಿ, ಒಂದು ಹೆಜ್ಜೆ ಮುಂದೆ' ಎಂದು ಟೆಕ್ನೀಶಿಯನ್ ಹುಡುಗ ನಮ್ಮನ್ನು ಫೋಟೋ ಸ್ಟುಡಿಯೋದವನ ಹಾಗೆ ತಿದ್ದುತ್ತಾನೆ. ಮುಖದ ಮೇಲೆ ಕೆಂಪು ಬೆಳಕಿನ ಗೆರೆ, ಒಂದು ಹಣೆಯಿಂದ ಗದ್ದಕ್ಕೆ ನಾಮದಂತೆ, ಇನ್ನೊಂದು ಕಣ್ಣಿನಡಿಯಿಂದ ಕಿವಿಯ ತೂತಿಗೆ ಅಡ್ಡಲಾಗಿ. ಗದ್ದ ತೀರಾ ತಗ್ಗಿದರೆ ಚಿತ್ರದಲ್ಲಿ ಹಲ್ಲಿನ ಸಾಲು ನಗುವಿನ ಹಾಗೆ ಬಾಗುತ್ತದೆ, ತೀರಾ ಎತ್ತಿದರೆ ಮುನಿದ ತುಟಿಯಂತೆ ತಿರುಗಿಕೊಳ್ಳುತ್ತದೆ. 'ನಾಲಿಗೆ ಅಂಗುಳಕ್ಕೆ ಒತ್ತಿ' ಎಂಬುದು ಕೊನೆಯ ಮಾತು. ಒತ್ತದಿದ್ದರೆ ನಾಲಿಗೆಗೂ ಅಂಗುಳಕ್ಕೂ ನಡುವಿನ ಗಾಳಿ ಕಪ್ಪು ಪಟ್ಟಿಯಾಗಿ ಮೇಲಿನ ಬೇರುಗಳ ಮೇಲೆ ಬೀಳುತ್ತದೆ. ಆಮೇಲೆ ಯಂತ್ರ ಗುಂಯ್ ಎನ್ನುತ್ತಾ ಹೊರಡುತ್ತದೆ. ಕಿರಣ ಸೂಸುವ ಕೊಳವೆ ತಲೆಯ ಹಿಂದಿನಿಂದ, ಚಿತ್ರ ಹಿಡಿಯುವ ಫಲಕ ಮುಖದ ಮುಂದಿನಿಂದ, ಒಂದಕ್ಕೊಂದು ಎದುರಾಗಿಯೇ ಸುತ್ತುತ್ತವೆ. ಪೂರ್ತಿ ಸುತ್ತಲ್ಲ, ಈಶ್ವರನ ಗುಡಿಯಲ್ಲಿ ಸೋಮಸೂತ್ರದ ತನಕ ಹೋಗಿ ನಿಲ್ಲುವ ಪ್ರದಕ್ಷಿಣೆಯ ಹಾಗೆ ಒಂದು ಕಿವಿಯ ಬಳಿ ಶುರುವಾಗಿ ಇನ್ನೊಂದರ ಬಳಿ ನಿಲ್ಲುತ್ತವೆ. ಹದಿನೈದು ಸೆಕೆಂಡಿನ ಆಸುಪಾಸು. ಕಿರಣ ಸಣ್ಣ ಸೀಳಿನಿಂದ ಬರುವುದರಿಂದ, ಎರಡರ ವೇಗಕ್ಕೂ ಲೆಕ್ಕ ಕಟ್ಟಿರುವುದರಿಂದ, ಕುದುರೆಲಾಳದ ಆಕಾರದ ಒಂದು ತೆಳು ಹರವು ಮಾತ್ರ ಸ್ಪಷ್ಟವಾಗಿ ಮೂಡುತ್ತದೆ. ಅದರ ಹಿಂದಿನದು ಮುಂದಿನದು ಎಲ್ಲ ಕದಡಿ ಮಸುಕಾಗುತ್ತದೆ. ದವಡೆಯನ್ನು ಆ ಲಾಳದೊಳಗೆ ತಂದು ನಿಲ್ಲಿಸಲಿಕ್ಕೇ ಅಷ್ಟೆಲ್ಲ ತಿದ್ದುವಿಕೆ.

ತಂಗಿಯ ಮಗಳ ಒಪಿಜಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅವಳಿಗಾಗ ಎಂಟು ವರ್ಷ. ಮುಂದಿನ ಹಾಲುಹಲ್ಲು ಬಿದ್ದು ವರ್ಷ ಕಳೆದರೂ ಅಲ್ಲಿ ಹೊಸದು ಹುಟ್ಟಿರಲಿಲ್ಲ. ಬಿದ್ದದ್ದನ್ನು ಸಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದದ್ದು ಸರಿಯಾಗಿ ಬೀಳಲಿಲ್ಲವೇನೋ ಎಂದು ಅಮ್ಮನ ಅನುಮಾನ. ಚಿತ್ರದಲ್ಲಿ ಜಾತ್ರೆಯೇ ನೆರೆದಿದೆ. ಹುಟ್ಟಿದ ಹಲ್ಲುಗಳ ಸಾಲು ಒಂದು, ಅದರ ಹಿಂದೆ ಮೇಲೆ ಕೆಳಗೆ ಎಲುಬಿನೊಳಗೇ ಕಾದು ನಿಂತವು ಇನ್ನೊಂದು. ಹಾಲುಹಲ್ಲಿನ ಎರಡು ಬೇರುಗಳ ಮಡಿಲಲ್ಲಿ ನಾಳೆಯ ಹಲ್ಲಿನ ನೆತ್ತಿ, ಬೇರು ಇನ್ನೂ ಬಂದಿಲ್ಲ, ಸುತ್ತ ಒಂದು ಕಪ್ಪು ಸೆರಗು. ಅದು ಏರಿದಂತೆ ಮೇಲಿನದರ ಬೇರು ಕರಗುತ್ತಾ ಬರುತ್ತದೆ. ಬಿದ್ದ ಹಾಲುಹಲ್ಲು ಅಂಗೈಯಲ್ಲಿಟ್ಟು ನೋಡಿದರೆ ಬರೀ ಟೊಪ್ಪಿಗೆ, ಬೇರೇ ಇರುವುದಿಲ್ಲವಲ್ಲ, ಅದೆಲ್ಲಿ ಹೋಯಿತು ಎಂಬುದಕ್ಕೆ ಈ ಪಟವೇ ಸಾಕ್ಷಿ. ಮೇಲಿನ ಕೋರೆಹಲ್ಲುಗಳಂತೂ ಮೂಗಿನ ಪಕ್ಕ, ಕಣ್ಣಿನ ಗುಳಿಯ ಕಡೆ ಮುಖಮಾಡಿದಷ್ಟು ಎತ್ತರದಲ್ಲಿವೆ. ಅಲ್ಲಿಂದ ಬಾಯಿಗೆ ಇಳಿಯಲು ಎರಡು ಸೆಂಟಿಮೀಟರಿಗೂ ಹೆಚ್ಚಿನ ದಾರಿ, ವರ್ಷಗಟ್ಟಲೆ ನಡಿಗೆ. ಎಂಟು ವರ್ಷದ ಪುಟ್ಟ ಮುಖದಲ್ಲಿ ಒಟ್ಟು ಎಷ್ಟು ಹಲ್ಲು? ಕೂತು ಎಣಿಸಿದೆ: 40. ಮತ್ತೆ ಎಣಿಸಿದರೆ 41. ಹೆಚ್ಚಾಗಿ ಸಿಕ್ಕಿದ್ದು ಮುಂದಿನ ಎರಡು ಹಲ್ಲುಗಳ ನಡುವೆ, ಮೊಳೆಯ ಹಾಗೆ ಚೂಪಾದ ಒಂದು ಪುಟಾಣಿ. ಲೆಕ್ಕಕ್ಕಿಲ್ಲದ ಈ ಹಲ್ಲೇ ದಾರಿಗೆ ಅಡ್ಡ ನಿಂತು ಹೊಸದನ್ನು ತಡೆದಿತ್ತು. ಅಮ್ಮನ ಹೆಂಚಿನ ತಪ್ಪೇನೂ ಇರಲಿಲ್ಲ.

ಅಮ್ಮನದು ಇದಕ್ಕೆ ತದ್ವಿರುದ್ಧ. ಜಾತ್ರೆ ಮುಗಿದ ಬಯಲು. ಹಲ್ಲಿನ ಸೆಟ್ ಕಟ್ಟಿಸುವ ಮುಂಚೆ ಮುರಿದ ಬೇರುಗಳೇನಾದರೂ ಒಳಗೆ ಉಳಿದಿವೆಯೇ ಎಂದು ತೆಗೆಸಿದ ಒಪಿಜಿ. ಒಂದೂ ಹಲ್ಲಿಲ್ಲ. ಹಲ್ಲಿದ್ದಾಗ ಎತ್ತರವಾಗಿದ್ದ ಎಲುಬಿನ ದಿಣ್ಣೆ ಕೆಲಸವಿಲ್ಲದೆ ಕರಗಿ ಕೆಳದವಡೆ ತೆಳುವಾದ ಕುಡುಗೋಲಾಗಿದೆ. ನನ್ನ ಫಿಲ್ಮಿನಲ್ಲಿ ಬೇರಿನ ತುದಿಗೆ ಕಂಡ ನರದ ಕಿಂಡಿ ಇಲ್ಲಿ ಹೆಚ್ಚು ಕಡಿಮೆ ದಂಡೆಗೇ ಬಂದಿದೆ. ಕಿಂಡಿ ಏರಿದ್ದಲ್ಲ, ದಂಡೆ ಇಳಿದದ್ದು.

ಈ ಪಟದಲ್ಲಿ ಒಂದು ತಮಾಷೆಯೂ ಉಂಟು. ಆ ದಿನ ಸರ, ಬಲಗಿವಿಯ ಓಲೆ ಎಲ್ಲ ಬಿಚ್ಚಿದರೂ ಎಡಗಿವಿಯದರ ತಿರುಪು ಬಿಗಿದುಹೋಗಿ ಜಪ್ಪಯ್ಯ ಅನ್ನಲಿಲ್ಲ. ಹಾಗೇ ತೆಗೆದರು. ಚಿತ್ರದಲ್ಲಿ ಎಡಕ್ಕೆ ಏಳು ಕಲ್ಲಿನ ಓಲೆ ಕಲ್ಲೆಣಿಸುವಷ್ಟು ಸ್ಪಷ್ಟ. ಬಲಕ್ಕೆ, ತುಸು ಮೇಲೆ, ಅದೇ ಓಲೆಯ ಇನ್ನೊಂದು ರೂಪ: ದೊಡ್ಡದಾಗಿ, ಮಂಜಾಗಿ, ಅಡ್ಡಕ್ಕೆ ಎಳೆದಂತೆ. ಯಂತ್ರ ಸುತ್ತುವಾಗ ಓಲೆ ಒಮ್ಮೆ ಫಲಕದ ಸಮೀಪ ಸಿಕ್ಕಿತು, ಇನ್ನೊಮ್ಮೆ ಕೊಳವೆಯ ಸಮೀಪ ಸಿಕ್ಕಿ ಎದುರು ಬದಿಗೆ ನೆರಳು ಚೆಲ್ಲಿತು. ಕಿರಣ ಸ್ವಲ್ಪ ಮೇಲ್ಮುಖವಾಗಿ ಬರುವುದರಿಂದ ಆ ನೆರಳು ಎತ್ತರದಲ್ಲಿದೆ. ಈ ಕೆಲಸದವರು ಇದನ್ನು ಭೂತದ ಚಿತ್ರ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅಮ್ಮನಿಗೆ ತೋರಿಸಿದಾಗ, 'ನೋಡೋ, ತೆಗೆದರೂ ಹಾಕ್ಕೊಂಡ ಹಾಗೇ ಬಂದಿದೆ' ಎಂದು ಬಲಗಿವಿ ಮುಟ್ಟಿಕೊಂಡಳು.

ಅವಳ ಫಿಲ್ಮಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದ ಇನ್ನೊಂದು ತುಂಡಿದೆ, ಹಲ್ಲು ಕೆಲವಾದರೂ ಇದ್ದ ಕಾಲದ್ದು. ನಲವತ್ತು ವರ್ಷ ಎಲೆ ಅಡಿಕೆ ಅಗಿದ ಹಲ್ಲಿನ ಬಿಳಿ ಟೋಪಿ ಸವೆದು ನೆತ್ತಿ ಬೋಳಾಗಿದೆ. ನೋವಾಗಬೇಕಿತ್ತು, ಆಗಿರಲಿಲ್ಲ. ಏಕೆಂದರೆ ಮೇಲಿಂದ ಸವೆದಂತೆಲ್ಲ ಹಲ್ಲು ಒಳಗಿನಿಂದ ಹೊಸ ಡೆಂಟಿನ್ನಿನ ಗೋಡೆ ಕಟ್ಟಿಕೊಳ್ಳುತ್ತಾ ಬಂದಿದೆ. ತಿರುಳಿನ ಕೋಣೆ ಕಿರಿದಾಗಿ ಕಿರಿದಾಗಿ ಒಂದು ಗೀರು ಉಳಿದಿದೆ. ಅಡಿಕೆಯೊಡನೆ ಅಷ್ಟು ವರ್ಷ ಯಾರಿಗೂ ಹೇಳದೆ ನಡೆದ ಒಪ್ಪಂದ.

ಈ ಸೊಗಸಿಗೆ ಬೆಲೆ ತೆತ್ತವರನ್ನು ಮರೆಯಬಾರದು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಕೆಲ್ಸ್ 1896ರಲ್ಲೇ ರೋಗಿಗಳ ಹಲ್ಲಿನ ಚಿತ್ರ ತೆಗೆಯಲು ಶುರುಮಾಡಿದವರು. ಕೊಳವೆಯ ಮುಂದೆ ತಮ್ಮ ಕೈಯನ್ನೇ ಇಟ್ಟು ಪರೀಕ್ಷಿಸುತ್ತಿದ್ದರು, ಫಿಲ್ಮನ್ನು ತಾವೇ ಹಿಡಿಯುತ್ತಿದ್ದರು. ಮೊದಲು ಬೆರಳು, ಆಮೇಲೆ ಕೈ ಕ್ಯಾನ್ಸರಿಗೆ ಹೋಯಿತು. 1928ರಲ್ಲಿ ಅವರು ತಮ್ಮ ಬದುಕನ್ನೇ ಮುಗಿಸಿಕೊಂಡರು. ಡಾಕ್ಟರು ಇಂದು ಬಾಗಿಲಾಚೆ ಹೋಗಿ ಗುಂಡಿ ಒತ್ತುವುದರ ಹಿಂದೆ ಇಂಥ ಕೈಗಳಿವೆ. ಈಗಿನ ಒಂದು ಒಪಿಜಿಯಲ್ಲಿ ಮೈಗೆ ತಗಲುವ ವಿಕಿರಣ ಸುಮಾರು 10ರಿಂದ 25 ಮೈಕ್ರೋಸೀವರ್ಟ್. ಮಣ್ಣು, ಕಲ್ಲು, ಆಕಾಶದಿಂದ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಬರುವುದು 2,400ರಷ್ಟು. ಅಂದರೆ ಎರಡರಿಂದ ನಾಲ್ಕು ದಿನ ಸುಮ್ಮನೆ ಭೂಮಿಯ ಮೇಲೆ ಓಡಾಡಿದ ಲೆಕ್ಕ. ಹಾಗೆಂದು ಬೇಕಿಲ್ಲದಿದ್ದರೂ ತೆಗೆಸುವಂಥದ್ದಲ್ಲ. ಬಸುರಿಯಾದರೆ ಮೊದಲೇ ಹೇಳಬೇಕು.

ಈಗ ಫಿಲ್ಮೇ ಅಪರೂಪ. 1987ರಲ್ಲಿ ಫಿಲ್ಮಿನ ಜಾಗಕ್ಕೆ ಫ್ರಾನ್ಸಿನಿಂದ ಬಂದ ಸೆನ್ಸರು ಡಾರ್ಕ್‌ರೂಮಿನ ಕೆಂಪು ದೀಪವನ್ನು ಆರಿಸಿತು. 1990ರ ದಶಕದ ಕೊನೆಗೆ ಇಟಲಿ, ಜಪಾನುಗಳಿಂದ ಬಂದ ಕೋನ್ ಬೀಮ್ ಸ್ಕ್ಯಾನು ದವಡೆಯನ್ನು ಬ್ರೆಡ್ಡಿನ ಹಾಗೆ ಹೋಳುಹೋಳಾಗಿ ತೋರಿಸುತ್ತದೆ. ಕಿಂಡಿ ಎಲ್ಲಿ, ಬೇರು ಎಲ್ಲಿ ಎಂದು ಗೊಂದಲವೇ ಇಲ್ಲ. ಡಾಕ್ಟರಿಗೂ ರೋಗಿಗೂ ಅದೇ ಒಳ್ಳೆಯದು. ಕಿಟಕಿಗೆ ಹಿಡಿದು ನೋಡುವ ನನ್ನಂಥವನಿಗೆ ಮಾತ್ರ ಈ ಚಪ್ಪಟೆ ನೆರಳೇ ಇಷ್ಟ.

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದೆವು. ಊರಿನಿಂದ ಬಂದ ಅಕ್ಕಿ. ಸಾರನ್ನದ ಎರಡನೆಯ ತುತ್ತಿಗೆ ಕಟ್ ಎಂದಿತು. ದವಡೆ ತಾನಾಗಿಯೇ ನಿಂತುಬಿಟ್ಟಿತು. ನಾನು ಕಚ್ಚುವುದು ಬೇಡ ಅಂದುಕೊಳ್ಳುವ ಮುಂಚೆಯೇ. ನಾಲಿಗೆಯಲ್ಲಿ ಹುಡುಕಿ ತೆಗೆದರೆ ಸಾಸಿವೆಯ ಅರ್ಧದಷ್ಟೂ ಇಲ್ಲದ ಕಲ್ಲು. ಅಷ್ಟು ಸಣ್ಣದನ್ನು ಹಿಡಿದದ್ದು ಹಲ್ಲಲ್ಲ, ಹಲ್ಲಿನ ಸುತ್ತಲಿನ ಆ ಎಳೆ.

'ಕಲ್ಲೇನೋ? ಆರಿಸಿಯೇ ಇಟ್ಟಿದ್ದೆನಲ್ಲ' ಎಂದಳು ಅಮ್ಮ, ತನ್ನ ತಟ್ಟೆ ನೋಡಿಕೊಳ್ಳುತ್ತಾ. 'ನನಗೇನೂ ಸಿಗಲಿಲ್ಲಪ್ಪ.'

ಅದೇ ಪಾತ್ರೆಯ ಅನ್ನ, ಅವಳು ಆಗಲೇ ಮಜ್ಜಿಗೆಗೆ ಬಂದಿದ್ದಳು. ಸೆಟ್ಟಿನ ಹಲ್ಲು ಸದ್ದಿಲ್ಲದೆ ಅಗಿಯುತ್ತಿತ್ತು. ಕಲ್ಲನ್ನು ತಟ್ಟೆಯ ಅಂಚಿಗಿಟ್ಟು, 'ಇದೊಂದೇ ಇತ್ತು ಅಂತ ಕಾಣತ್ತಮ್ಮ' ಅಂದೆ.